ಎರಡೂ ಬದಿ ಎಂಟಡಿ ಬಿಟ್ಟು

ಅಂಗಡಿಯಿಂದ,
೧೪ನೇ ತಾರೀಖು, ಭಾನುವಾರ

ಮಗಳ ಅಪ್ಪನವರಿಗೆ,

ನಮಸ್ಕಾರ. ಆರು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಮಗಳು ಚೆನ್ನಾಗಿದ್ದಾಳೆ, ಹೊಲಿಗೆ ಯಂತ್ರ ಚೆನ್ನಾಗಿದೆ, ನನ್ನ ಬಾಯಿಯೂ ಮೊದಲಿನಷ್ಟೇ ಚೆನ್ನಾಗಿದೆ. ಫೋನು ಮಾಡಬಹುದಿತ್ತು. ಆದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀವು ಒಂದು ಪುರಾಣ ಶುರು ಮಾಡುತ್ತೀರಿ. ಕಾಗದದಲ್ಲಿ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಮಗಳು ನಿಮಗೆ ಫೋನಿನಲ್ಲಿ, ಅಮ್ಮ ಕೊಂಡ ಜಾಗಕ್ಕೆ ಏನೋ ಪೈಪಿನ ತಕರಾರು ಬಂದಿದೆ, ಮನೆ ಕಟ್ಟಲು ಬಿಡುತ್ತಿಲ್ಲ ಎಂದಳಂತೆ. ಅದಕ್ಕೆ ನೀವು, “ಹೋಗಲಿ ಬಿಡು ಅಂತ ಹೇಳು ಅಮ್ಮಂಗೆ” ಅಂದಿರಂತೆ. ಅವಳು ಹಾಗೆಯೇ ಬಂದು ಹೇಳಿದಳು. ನಾನು ಆಗ ಒಂದು ಕಾಲರು ಕೂಡಿಸುತ್ತಿದ್ದೆ. ಕೇಳಿದ ಸಿಟ್ಟಿಗೆ ಅದು ತಲೆಕೆಳಗಾಗಿ ಕೂತಿತು, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಹೋಗಲಿ ಬಿಡು! ನಿಮ್ಮ ಕೆಲಸಗಾರರ ಸಂಘದಲ್ಲಿ ನಿವೇಶನಕ್ಕೆ ಅರ್ಜಿ ಹಾಕಿದ್ದೀನಿ, ಈ ವರ್ಷ ಪಟ್ಟಿಯಲ್ಲಿ ಬರಲಿಲ್ಲ, ಹೋಗಲಿ ಬಿಡು, ಮುಂದಿನ ವರ್ಷ ಬರುತ್ತೆ ಎಂದು ಹನ್ನೆರಡು ವರ್ಷ ಹೇಳಿದಿರಿ. ಹನ್ನೆರಡು ವರ್ಷ ನಾನು ನಂಬಿದೆ. ಆ ಬಾರದ ಮನೆಯ ಕಿಟಕಿಗೆ ಪರದೆ ಕೂಡ ಹೊಲಿದು ಟ್ರಂಕಿನಲ್ಲಿಟ್ಟೆ. ಕಡೆಗೊಂದು ದಿನ ಸಂಘದ ಕಚೇರಿಗೆ ನಾನೇ ಹೋಗಿ ಕೇಳಿದಾಗ, ನಿಮ್ಮ ಹೆಸರಿನ ಅರ್ಜಿಯೇ ಇರಲಿಲ್ಲ. ಮೊದಲ ವರ್ಷ ಗಡುವು ತಪ್ಪಿತಂತೆ, ನನ್ನ ಹತ್ತಿರ ಹೇಳಲು ನಾಚಿಕೆಯಾಯಿತಂತೆ, ಆಮೇಲೆ ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ತೇಪೆ. ಅದರ ಮರುತಿಂಗಳೇ ನಿಮಗೆ ವರ್ಗವಾಯಿತು. ನಾನು ಹಿಂದೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನೀವು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಈಗ ಹೇಳಿದೆನಲ್ಲ, ಲೆಕ್ಕ ಚುಕ್ತಾ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮದುವೆ ಆಗಿ ನೋಡಿಯಾಗಿತ್ತು. ಇನ್ನು ಮನೆಯಾದರೂ ಕಟ್ಟಿ ನೋಡೋಣ ಎಂದು ಈ ವರ್ಷದ ಮೊದಲಿಗೆ ಜಾಗ ಕೊಂಡೆ. ಊರ ಹೊರಗೆ, ಪಾಳು ಬಿದ್ದ ಇಟ್ಟಿಗೆ ಗೂಡಿನ ಪಕ್ಕದಲ್ಲಿ ಹೊಸದಾಗಿ ಸೈಟು ಮಾಡಿದ್ದಾರೆ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಕೊಡಿಸಿದವನು ಒಬ್ಬ ದಲ್ಲಾಳಿ. ಅವನನ್ನು ಎಲ್ಲರೂ ಜೇನುತುಪ್ಪ ಎಂದೇ ಕರೆಯುತ್ತಾರೆ. ಮಾತು ಹಾಗೆ, ಅಂಟುವುದೂ ಹಾಗೆ. ನೆಲ ಸಮ, ರಸ್ತೆ ಅಗಲ, ನೆರೆಹೊರೆ ಒಳ್ಳೆಯವರು ಎಂದ. ನೆರೆಹೊರೆಯಲ್ಲಿ ಆಗ ಎರಡು ಆಡುಗಳು ಮೇಯುತ್ತಿದ್ದವು, ಒಳ್ಳೆಯವೇ ಇದ್ದವು.

ಇನ್ನು ನನ್ನ ತಪ್ಪು. ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳಿ, ನಗುವುದಿದ್ದರೆ ಒಂದೇ ಸಲ ನಕ್ಕುಬಿಡಿ. ಕ್ರಯಪತ್ರವನ್ನು ನಾನು ಓದದೆ ಸಹಿ ಹಾಕಿದೆ ಎಂದುಕೊಳ್ಳಬೇಡಿ. ಸಾಲು ಸಾಲು ಬೆರಳಿಟ್ಟು ಓದಿದೆ. ಮೂರನೆಯ ಹಾಳೆಯಲ್ಲಿ, “ಕೊಳವೆ ಮಾರ್ಗಕ್ಕೆ ಎರಡೂ ಬದಿ ಎಂಟಡಿ ಬಿಟ್ಟ ಜಾಗವೂ ಸೇರಿದಂತೆ” ಎಂದಿತ್ತು. ಸೇರಿದೆಯಲ್ಲ ಎಂದು ಸಹಿ ಹಾಕಿದೆ. ಮೂವತ್ತು ವರ್ಷ ಹೊಲಿದವಳಿಗೆ ‘ಬಿಟ್ಟದ್ದು’ ಎಂದರೆ ಏನು ಹೇಳಿ? ಶಾಲೆಯ ಮಕ್ಕಳ ಲಂಗಕ್ಕೆ ಎರಡಿಂಚು ಬಟ್ಟೆ ಬಿಡುತ್ತೇವೆ. ಅಂದರೆ ಒಳಗೆ ಮಡಚಿಡುತ್ತೇವೆ. ಮಗು ಬೆಳೆದ ಮೇಲೆ ಬಿಚ್ಚಿಕೊಂಡರೆ ಆಯಿತು. ಬಿಟ್ಟ ಬಟ್ಟೆ ಬಟ್ಟೆಯವರದ್ದೇ. ಅಂಗಿ ತೊಡುವವರಿಂದ ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಹಾಗೆಯೇ ಇದೂ ಒಳಗೆ ಮಡಚಿಟ್ಟ ಜಾಗ, ಮುಂದೆ ಬೇಕಾದಾಗ ಬಿಚ್ಚಿಕೊಳ್ಳಬಹುದು ಎಂದುಕೊಂಡೆ. ಲಾಭವೇ ಆಯಿತು ಎಂದು ಒಳಗೊಳಗೇ ಹಿಗ್ಗಿದೆ ಬೇರೆ.

ನಕ್ಷೆ ಮಂಜೂರಾತಿಗೆ ಹೋದಾಗ ಹಿಗ್ಗು ಇಳಿಯಿತು. ಕಚೇರಿಯಲ್ಲಿ ನಕ್ಷೆ ನೋಡುವ ಗುಮಾಸ್ತರೊಬ್ಬರಿದ್ದಾರೆ. ಎಡತೋಳಿನ ಗುಂಡಿ ಕಿತ್ತುಹೋದ ಅಂಗಿ, ಮೇಜಿನ ಗಾಜಿನಡಿ ಹತ್ತು ವರ್ಷದ ಹಳೆಯ ಕ್ಯಾಲೆಂಡರು. ಅವರು ದೊಡ್ಡ ನಕ್ಷೆಯೊಂದನ್ನು ಹಾಸಿ, ನನ್ನ ಜಾಗದ ಮೇಲೆ ಬೆರಳಿಟ್ಟರು. ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಒಂದು ಕೆಂಪು ಗೆರೆ. ಊರಿಗೆ ನೀರು ತರುವ ದೊಡ್ಡ ಕೊಳವೆಯಂತೆ ಅದು. ಅದರ ಆಚೆ ಎಂಟಡಿ, ಈಚೆ ಎಂಟಡಿ, ಕಟ್ಟಡ ಕೂಡದು, ಅಡಿಪಾಯ ಕೂಡದು, ಬಾವಿ ಕೂಡದು, ಮರ ಕೂಡದು. ಇಷ್ಟನ್ನು ಕಳೆದರೆ ನನಗೆ ಉಳಿಯುವುದು ಎರಡು ತ್ರಿಕೋನ. ಕೋಣೆಯ ಮೂಲೆಗೆ ಮಂಚ ಹಾಕಿದರೆ ಕಾಲು ಬೀದಿಯಲ್ಲಿರಬೇಕು.

ಹಾಗಾದರೆ ನಾನೇನು ಮಾಡಲಿ ಎಂದೆ. ತರಕಾರಿ ಬೆಳೆಯಬಹುದು, ಅದಕ್ಕೆ ಅಡ್ಡಿಯಿಲ್ಲ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಮಾತನ್ನು ನಾನು ಮರೆಯಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಜೇನುತುಪ್ಪನಿಗೆ ಫೋನು ಮಾಡಿದರೆ, ಪತ್ರದಲ್ಲಿ ಬರೆದಿತ್ತಲ್ಲಮ್ಮ, ನೀವೇ ಓದಿ ಸಹಿ ಹಾಕಿದ್ದೀರಿ ಎಂದ. ಅದು ನಿಜವೇ ಆದ್ದರಿಂದ ನನಗೆ ಇನ್ನೂ ಉರಿಯಿತು. ಎರಡು ದಿನ ಬಿಟ್ಟು ಅವನೇ ಫೋನು ಮಾಡಿ, ಪಕ್ಕದ ಸೈಟಿನವರು ಕೈತೋಟಕ್ಕೆ ಕೇಳುತ್ತಿದ್ದಾರೆ, ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳಿ ಎಂದು ಬುದ್ಧಿ ಹೇಳಿದ. ನನ್ನ ಕೈ ಕೊಳೆಯಾಗಿಲ್ಲಪ್ಪ, ತೊಳೆಯಬೇಕಾದವನು ನೀನು ಎಂದು ಇಟ್ಟುಬಿಟ್ಟೆ.

ಆಮೇಲೆ ನಾನು ಹಟಕ್ಕೆ ಬಿದ್ದೆ. ಮಂಗಳವಾರ ಅರ್ಜಿದಾರರನ್ನು ನೋಡುವ ದಿನ. ಪ್ರತಿ ಮಂಗಳವಾರ ಹೊಲಿಗೆಯ ಚೀಲ ತೆಗೆದುಕೊಂಡು ಹೋಗಿ ಅವರ ಬೆಂಚಿನ ಮೇಲೆ ಕೂತೆ. ಇವತ್ತು ಸಾಹೇಬರಿಲ್ಲ ಎಂದರೆ ಸರಿ, ಕೂತಿರುತ್ತೇನೆ ಎಂದೆ. ಕಡತ ಮೇಲೆ ಹೋಗಿದೆ ಎಂದರೆ ಸರಿ, ಇಳಿಯುವವರೆಗೆ ಕೂತಿರುತ್ತೇನೆ ಎಂದೆ. ಐದು ಮಂಗಳವಾರಗಳಲ್ಲಿ ಒಂದು ಶಾಲೆಯ ಅಷ್ಟೂ ಅಂಗಿಗಳಿಗೆ ಗುಂಡಿ ಹೊಲಿದು ಮುಗಿಸಿದೆ. ಗುಮಾಸ್ತರ ತೋಳಿನ ಗುಂಡಿ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಎರಡು ನಿಮಿಷದ ಕೆಲಸ. ಆದರೆ ಹೊಲಿದುಕೊಟ್ಟರೆ ಲಂಚ ಎಂದಾರು ಎಂದು ಕೈಕಟ್ಟಿ ಕೂತೆ.

ಈ ನಡುವೆ ನಾನು ಒಂದು ದಿನ ಮೇಸ್ತ್ರಿಯನ್ನು ಜಾಗಕ್ಕೆ ಕರೆದುಕೊಂಡು ಹೋದೆ. ಆ ಎರಡು ತ್ರಿಕೋನದಲ್ಲೇ ಏನಾದರೂ ಆದೀತೆ ನೋಡೋಣ ಎಂದು. ಓರೆ ಬಟ್ಟೆಯಲ್ಲೂ ಅಂಗಿ ತೆಗೆದವಳು ನಾನು. ಮೇಸ್ತ್ರಿ ಗೂಟ ಹೊಡೆಯಲು ಜಾಗದ ನಟ್ಟನಡುವೆ ಹಾರೆ ಹಾಕಿದ. ಒಂದೂವರೆ ಅಡಿ ಇಳಿದಿರಬೇಕು, ಠಣ್ ಎಂದಿತು. ಜಾಗ ಬದಲಿಸಿ ನಾಲ್ಕು ಹೆಜ್ಜೆ ಆಚೆ ಹಾಕಿದ. ಅಲ್ಲೂ ಠಣ್. ಅವನು ಹಾರೆಗೆ ಗಲ್ಲ ಊರಿ, “ಅಕ್ಕಾ, ಇದು ಒಂದೇ ಬಂಡೆ. ಇದ್ರೊಳಗೆ ಪೈಪು ಹೆಂಗೆ ಹೋಯ್ತು?” ಅಂದ.

ನಾನು ತಲೆಯೆತ್ತಿ ನೋಡಿದೆ. ಎದುರಿಗೆ ಇಟ್ಟಿಗೆ ಗೂಡಿನ ಚಿಮಣಿ, ತುದಿ ಮುರಿದದ್ದು. ಅದರ ನೆರಳು ನನ್ನ ಜಾಗದ ಮೇಲೆ ಬಿದ್ದಿತ್ತು. ಆಗ ನಿಮ್ಮ ಪುರಾಣ ನೆನಪಾಯಿತು.

ಚಿಮಣಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು ಎಂದು ಶುರುವಾಗುತ್ತಿತ್ತಲ್ಲ, ಅದು. ನಮ್ಮ ಮದುವೆಯಾದ ವರ್ಷ, ನೀವು ಇನ್ನೂ ದಿನಗೂಲಿಯಲ್ಲಿದ್ದಾಗ ಕೊಳವೆ ಹಾಕಿದ ಕತೆ. ಕೊಳವೆ ನೆಟ್ಟಗೆ ಹೋಗಬೇಕಿತ್ತು, ಬಂಡೆ ಅಡ್ಡ ಬಂತು, ಸಿಡಿಸೋಕೆ ಮದ್ದು ಬರಲಿಲ್ಲ, ನಾವೇ ಮೂಡಣ ಅಂಚಿಗೆ ತಿರುಗಿಸಿ, ಮೂಲೆಯಲ್ಲಿ ಬಗ್ಗಿಸಿ, ತೆಂಕಣ ಅಂಚು ಹಿಡಿದು ಒಯ್ದೆವು, ಮೇಲಿನವರು ನಕ್ಷೆ ತಿದ್ದೋಕೆ ಬೇಜಾರು ಮಾಡಿಕೊಂಡು ಹಾಗೇ ಬಿಟ್ಟರು ಎನ್ನುತ್ತಿದ್ದಿರಿ. ಮೊದಲ ಸಲ ಹೇಳಿದಾಗ ಬಂಡೆ ಎಮ್ಮೆಯಷ್ಟಿತ್ತು. ಮಗಳ ನಾಮಕರಣದ ಹೊತ್ತಿಗೆ ಬಸ್ಸಿನಷ್ಟಾಯಿತು. ಅವಳು ಶಾಲೆ ಮುಗಿಸುವ ಹೊತ್ತಿಗೆ ಎರಡು ಅಂತಸ್ತು ಏರಿತ್ತು. ತಿರುವಿನಲ್ಲಿ ಹಾಕಿದ ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ನಿಮ್ಮ ಹೆಸರನ್ನು ಇಷ್ಟುದ್ದ ಕೊರೆದಿರಿ ಎಂದು ಕೈ ಚಾಚಿ ತೋರಿಸುತ್ತಿದ್ದಿರಿ. ನೆಂಟರೆಲ್ಲ ಕಣ್ಣರಳಿಸಿ ಕೇಳುತ್ತಿದ್ದರು. ನಾನು ಒಳಗಿನಿಂದಲೇ, ಸುಳ್ಳಿಗೆ ಕೈಕಾಲು ಬಂದಿದೆ, ಇನ್ನು ಅಂಗಿ ಒಂದು ಹೊಲಿದುಕೊಡಬೇಕು ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ಅರ್ಜಿಯ ವಿಷಯ ಗೊತ್ತಾದ ಮೇಲೆ, ಆ ಬಂಡೆಯ ಹಾಗೆ ಇದೂ ಒಂದು ಅಲ್ವಾ ಎಂದು ನಾನು ಅಂದದ್ದು ನೆನಪಿದೆಯೆ? ಅವತ್ತು ನೀವು ನಗಲಿಲ್ಲ.

ಅಗೆದು ನೋಡೋಣ ಎಂದರೆ ಕಚೇರಿಯ ಒಪ್ಪಿಗೆ ಬೇಕು, ಒಪ್ಪಿಗೆ ಕೇಳಿದರೆ ವರ್ಷ ಬೇಕು. ಆಗ ನನಗೆ ಗುಮಾಸ್ತರ ತರಕಾರಿ ನೆನಪಾಯಿತು. ಮಾರನೆಯ ದಿನವೇ ಹನ್ನೆರಡು ಬದನೆ ಸಸಿ ಕೊಂಡು ತಂದೆ. ಬದನೆಗೆ ಗುಂಡಿ ಎಷ್ಟು ಆಳ ಇರಬೇಕು ಎಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಜೀವಮಾನವೆಲ್ಲ ಅಂಗಿಗೆ ಗುಂಡಿ ಹಾಕಿದವಳು ಮೊದಲ ಸಲ ನೆಲಕ್ಕೆ ಗುಂಡಿ ಹಾಕಿಸಿದೆ. ಕೆಂಪು ಗೆರೆ ಇರುವ ಕಡೆ ಐದು ತೋಡಿಸಿದೆ, ಐದರಲ್ಲೂ ಬಂಡೆ, ಕೊಳವೆಯ ಸುಳಿವಿಲ್ಲ. ಆಮೇಲೆ ಮೂಡಣ ಅಂಚಿಗೆ ಹೋದೆವು. ಅಲ್ಲಿ ಗುದ್ದಲಿ ಬೇಡ, ಕೈಯಲ್ಲೇ ಮಣ್ಣು ತೆಗೆ ಎಂದು ಮೇಸ್ತ್ರಿಗೆ ಹೇಳಿದೆ. ಊರಿನ ನೀರು, ತಮಾಷೆಯಲ್ಲ. ನಾನೂ ಇಳಿದು ತೆಗೆದೆ. ನಾಲ್ಕಡಿ ಕೆಳಗೆ ಕೊಳವೆಯ ಬೆನ್ನು ಕಂಡಿತು. ಕಪ್ಪಗೆ, ತಣ್ಣಗೆ, ಮುಟ್ಟಿದರೆ ಒಳಗೆ ನೀರು ಓಡುವುದು ಅಂಗೈಗೆ ತಿಳಿಯುತ್ತಿತ್ತು. ನೀವು ಹೇಳಿದ್ದಲ್ಲೇ ಇತ್ತು, ಒಂದಿಂಚು ಆಚೀಚೆ ಇಲ್ಲ.

ತಿರುವಿನ ಮೂಲೆಯನ್ನೂ ತೆಗೆದೆವು. ಕಾಂಕ್ರೀಟಿನ ದಿಮ್ಮಿ ಇತ್ತು, ಕೊಳವೆ ಬಗ್ಗಿತ್ತು. ನಿಮ್ಮ ಹೆಸರು ಮಾತ್ರ ಇರಲಿಲ್ಲ. ಚೂರುಬಟ್ಟೆ ಒದ್ದೆ ಮಾಡಿ ಉಜ್ಜಿ ಉಜ್ಜಿ ನೋಡಿದೆ. ಅದೊಂದಾದರೂ ಸುಳ್ಳಾಯಿತಲ್ಲ ಎಂದು ನನಗೆ ಒಂದು ಬಗೆಯ ಸಮಾಧಾನವೂ ಆಯಿತು ಎಂದಿಟ್ಟುಕೊಳ್ಳಿ.

ಇದರ ಅರ್ಥ ನಿಮಗೇ ಗೊತ್ತು, ಆದರೂ ಬರೆಯುತ್ತೇನೆ, ಬರೆಯಲು ಹಿತವಾಗುತ್ತದೆ. ಕೊಳವೆ ಅಂಚಿನಲ್ಲಿದ್ದರೆ, ಅದಕ್ಕೊಂದಡಿ, ಅದರ ಈಚೆ ಎಂಟಡಿ ಬಿಟ್ಟರೂ ನನಗೆ ಇಪ್ಪತ್ತೊಂದಕ್ಕೆ ಮೂವತ್ತೊಂದು ಅಡಿ ಉಳಿಯುತ್ತದೆ. ನಾಲ್ಕು ಮೂಲೆಯ, ನೆಟ್ಟಗಿನ ಜಾಗ. ಎರಡು ಕೋಣೆ, ಅಡಿಗೆಮನೆ, ಮುಂದುಗಡೆ ಬಡಗಣದ ಬೆಳಕು ಬೀಳುವಲ್ಲಿ ನನ್ನ ಯಂತ್ರ. ಕೆಳಗೆ ಬಂಡೆ ಇರುವುದರಿಂದ ಅಡಿಪಾಯ ಆಳ ತೋಡುವುದೂ ಬೇಡ, ಅಕ್ಕನ ಮನೆ ಅಲ್ಲಾಡೋದಿಲ್ಲ ಎಂದು ಮೇಸ್ತ್ರಿ ನಗುತ್ತಾನೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದನ್ನು ಕೇಳಿದ್ದೆ. ನಾನು ಬದನೆಗೆ ಅಗೆದು ಮನೆ ಹಿಡಿದೆ.

ಹಿಡಿದೆ ಎಂದರೆ ಪೂರ್ತಿ ಕೈಗೆ ಬಂದಿಲ್ಲ. ಗುಂಡಿಗಳ ಫೋಟೋ ತೆಗೆಸಿ ಕಚೇರಿಯ ಇಂಜಿನಿಯರ್ ಮುಂದೆ ಇಟ್ಟೆ. ಚಿಕ್ಕ ಹುಡುಗಿ, ನಮ್ಮ ಮಗಳ ಓರಗೆಯವಳು. ಮೊದಲು, ನಾಲ್ಕಡಿ ಆಳದಲ್ಲಿ ಯಾವ ಬದನೆ ಹಾಕ್ತಾರೆ ಎಂದು ಕೇಳಿದಳು. ನಮ್ಮ ಕಡೆ ಹೀಗೇ ಎಂದೆ. ಅವಳಿಗೆ ನಗು ಬಂತು, ಬಾಯಿ ಬಿಗಿಹಿಡಿದಳು. ಆಮೇಲೆ ಅರ್ಧ ಗಂಟೆ ಫೋಟೋಗಳನ್ನು ಒಂದೊಂದಾಗಿ ನೋಡಿದಳು, ಹಳೆಯ ಕಡತ ತರಿಸಿದಳು. ಕಡೆಗೆ ಹೇಳಿದ್ದು ಇಷ್ಟು. ಎರಡು ಗುಂಡಿಯಲ್ಲಿ ಕೊಳವೆ ಕಂಡರೆ ಸಾಲದು, ನಡುವೆ ಹೇಗೆ ಹೋಗಿದೆ ಎನ್ನುವುದಕ್ಕೆ ಆಧಾರ ಬೇಕು. ನೆಲದೊಳಗಿನ ಕೊಳವೆ ಪತ್ತೆ ಮಾಡುವ ಯಂತ್ರ ಮುಖ್ಯ ಕಚೇರಿಯಿಂದ ಬರಬೇಕು, ಅದಕ್ಕೆ ಒಂದೂವರೆ ವರ್ಷದ ಸರದಿ. ಅಷ್ಟರೊಳಗೆ ನನ್ನ ಅರ್ಜಿಯ ಅವಧಿ ಮುಗಿದು, ಜಾಗ ತೋಟವೆಂದೇ ಖಾಯಂ ಆಗಿಬಿಡುತ್ತದೆ. ಇಲ್ಲವಾದರೆ ಕೊಳವೆ ಹಾಕಿದವರಲ್ಲಿ ಒಬ್ಬರು ಅಧಿಕಾರಿಯ ಮುಂದೆ ಬಂದು, ಸ್ಥಳದಲ್ಲಿ ನಿಂತು, ಗೆರೆ ಎಳೆದು ತೋರಿಸಿ ಹೇಳಿಕೆ ಕೊಡಬೇಕು.

ಕಡತದಲ್ಲಿ ಆ ಗುಂಪಿನ ಆರು ಹೆಸರಿದ್ದವು. ನಾಲ್ವರು ತೀರಿಕೊಂಡಿದ್ದಾರೆ. ಒಬ್ಬರಿಗೆ ಮಕ್ಕಳ ಗುರುತೂ ಸಿಗುತ್ತಿಲ್ಲವಂತೆ. ಆರನೆಯ ಹೆಸರನ್ನು ಅವಳು ಜೋರಾಗಿ ಓದಿ, ಇವರು ಇನ್ನೂ ಇಲಾಖೆಯಲ್ಲೇ ಇದ್ದಾರೆ, ನಿಮಗೆ ಪರಿಚಯವೆ ಎಂದು ಕೇಳಿದಳು. ಸ್ವಲ್ಪ ಗೊತ್ತು ಎಂದೆ.

ಈಗ ಕಾಗದ ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ. ಹೋಗಲಿ ಬಿಡು ಅಂದಿರಲ್ಲ, ನಾನು ಬಿಡುವುದಿಲ್ಲ. ನೀವು ಬಂದರೂ ಬಿಡುವುದಿಲ್ಲ, ಬಾರದಿದ್ದರೂ ಬಿಡುವುದಿಲ್ಲ. ನೀವು ಬಾರದಿದ್ದರೆ ಎರಡು ತ್ರಿಕೋನದಲ್ಲಿ ಎರಡು ಗೂಡು ಕಟ್ಟಿ, ಒಂದರಲ್ಲಿ ಹೊಲಿದು ಇನ್ನೊಂದರಲ್ಲಿ ಮಲಗುತ್ತೇನೆ, ನಡುವೆ ಬದನೆ ಬೆಳೆಯುತ್ತೇನೆ. ಅದಕ್ಕೂ ನಕ್ಷೆ ಬರೆಸಿಟ್ಟಿದ್ದೇನೆ. ಆದ್ದರಿಂದ ನನ್ನ ಮನೆ ನಿಮ್ಮ ಕೈಯಲ್ಲಿದೆ ಎಂದು ಬೀಗಬೇಡಿ. ನೆಟ್ಟಗಿನ ಗೋಡೆ ಮಾತ್ರ ನಿಮ್ಮ ಕೈಯಲ್ಲಿದೆ. ಅದು ನನಗೆ ಬೇಕು. ಬೇಕು ಎಂದು ಬರೆಯಲು ನನಗೆ ಮೂರು ದಿನ ಹಿಡಿಯಿತು.

ಇದು ವಾಪಸು ಬನ್ನಿ ಎಂಬ ಕಾಗದವಲ್ಲ. ಜಾಗ ನನ್ನ ಹೆಸರಿನಲ್ಲಿದೆ, ಮನೆಯೂ ನನ್ನ ಹೆಸರಿನಲ್ಲೇ ಇರುತ್ತದೆ. ಹನ್ನೆರಡು ವರ್ಷ ಹನ್ನೆರಡು ವರ್ಷವೇ. ಆದರೆ ಬಂಡೆಯ ವಿಷಯದಲ್ಲಿ ತಪ್ಪು ನನ್ನದು. ನೆಂಟರ ಮುಂದೆ ಅಷ್ಟು ಸಲ ಸುಳ್ಳುಗಾರ ಅಂದೆ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮಗಳಿಗೆ ಹೇಳಿದ್ದೇನೆ, ನನ್ನ ಅಕ್ಕನಿಗೂ ಫೋನು ಮಾಡಿ ಹೇಳಿದೆ. ಅವಳು ನಂಬಲಿಲ್ಲ, ಅದಕ್ಕೆ ನಾನು ಜವಾಬ್ದಾರಳಲ್ಲ.

ಬರುವುದಾದರೆ ಒಂದೇ ಒಂದು ಷರತ್ತು. ಆ ಹುಡುಗಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾಳೆ, ಟೇಪು ಹಿಡಿದು ಅಳೆಯುತ್ತಾಳೆ. ಬಂಡೆ ಎಷ್ಟಿತ್ತೋ ಅಷ್ಟೇ ಹೇಳಿ. ಬಸ್ಸು ಬೇಡ, ಅಂತಸ್ತು ಬೇಡ. ನಿಮ್ಮ ಬಾಯಲ್ಲಿ ಒಂದಡಿ ಬೆಳೆದರೆ ನನ್ನ ಮನೆ ಒಂದಡಿ ಹೋಗುತ್ತದೆ. ಜೀವನದಲ್ಲಿ ಒಂದು ಸಲ ಅಳತೆಗೆ ಸರಿಯಾಗಿ ಮಾತಾಡಿ, ಸಾಕು.

ವಿಚಾರಣೆ ೨೫ನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತೂವರೆಗೆ, ಜಾಗದಲ್ಲೇ. ಚಿಮಣಿ ಎಲ್ಲಿದೆ ಎಂದು ನಿಮಗೆ ದಾರಿ ಹೇಳಬೇಕಾಗಿಲ್ಲ. ನಿಮ್ಮ ಹತ್ತಿರ ಹಾಕಿಕೊಳ್ಳಲು ಒಳ್ಳೆಯ ಅಂಗಿ ಇಲ್ಲ ಎಂದು ಮಗಳು ಹೇಳಿದಳು. ಹಳೆಯ ಅಳತೆ ನನ್ನ ಪುಸ್ತಕದಲ್ಲಿದೆ. ಒಂದು ಹೊಲಿದು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಸಾಕ್ಷಿ ಹೇಳುವವರು ಮಾಸಿದ ಅಂಗಿಯಲ್ಲಿ ನಿಂತರೆ ನನ್ನ ಅರ್ಜಿಗೆ ನಷ್ಟ, ಅದಕ್ಕಾಗಿ ಅಷ್ಟೆ. ಆರು ವರ್ಷದಲ್ಲಿ ದಪ್ಪಗಾಗಿದ್ದರೆ ಎರಡೂ ಬದಿ ಒಂದೊಂದಿಂಚು ಬಿಟ್ಟಿದ್ದೇನೆ. ಇದು ನಮ್ಮ ಕಡೆಯ ಬಿಟ್ಟದ್ದು, ಕಚೇರಿಯದ್ದಲ್ಲ. ಬಿಚ್ಚಿಸಿಕೊಳ್ಳಬಹುದು.

ಇಂತಿ,
ಬಂಡೆಯ ಒಡತಿ

ಮರೆತ ಮಾತು: ನಿಮ್ಮ ಹೆಸರು ಅಲ್ಲಿರಲಿಲ್ಲ ಎಂದೆ. ಅದು ನಿಜ. ಆದರೆ ಅಲ್ಲಿ ಏನೂ ಇರಲಿಲ್ಲ ಎಂದು ನಾನು ಬರೆದಿಲ್ಲ, ಬೇಕಾದರೆ ಮೇಲೆ ನೋಡಿಕೊಳ್ಳಿ. ದಿಮ್ಮಿಯ ನೆತ್ತಿಯ ಮೇಲೆ ಮೊಳೆಯಿಂದ ಕೊರೆದ ಒಂದು ಚಿತ್ರವಿತ್ತು. ಎರಡು ಕಾಲು, ಮೇಲೆ ಎರಡು ಸುತ್ತು. ಮೇಸ್ತ್ರಿ ನೋಡಿ, ಯಾರೋ ಕೊಕ್ಕರೆ ಬರೆದಿದ್ದಾರೆ ಅಕ್ಕಾ ಅಂದ. ನಾನು ಹೂಂ ಅಂದೆ. ಚಿತ್ರ ಬರೆಯಲು ನಿಮಗೆ ಆಗಲೂ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಬಾಯಿಗೆ ಹೆದರಿ ನೀವು ನನ್ನನ್ನು ಏನೆಂದು ಕರೆಯುತ್ತಿದ್ದಿರಿ ಎನ್ನುವುದು ಮೇಸ್ತ್ರಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತಾರು ವರ್ಷ ಊರಿಗೆಲ್ಲ ನಿಮ್ಮ ಹೆಸರು ಕೊರೆದದ್ದಾಗಿ ಹೇಳಿಕೊಂಡು ತಿರುಗಿದಿರಿ. ಕತ್ತರಿ ಬರೆದೆ ಎಂದು ನನಗೊಬ್ಬಳಿಗೆ ಹೇಳಿದ್ದರೆ ಆಗುತ್ತಿರಲಿಲ್ಲವೆ? ಕಚೇರಿಗೆ ಕೊಟ್ಟ ಫೋಟೋದಲ್ಲಿ ಅದು ಬರದ ಹಾಗೆ ನೋಡಿಕೊಂಡಿದ್ದೇನೆ. ಅದು ಕಡತಕ್ಕೆ ಹೋಗುವಂಥದ್ದಲ್ಲ.